ಲಾಲ್‌ಬಾಗ್ ಬಂಡೆಯಿಂದ ತಿರುವಕ್ಕರೈ ಕಲ್ಲುಮರದವರೆಗೆ: ಶಾಲಾ ಮಕ್ಕಳೊಂದಿಗೆ ಹೋಗಿ ಬಂದ ಅನುಭವ

2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರಿ ಪ್ರೌಢಶಾಲೆಯ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ತಮಿಳುನಾಡಿನ ತಿರುವಕ್ಕರೈಯಲ್ಲಿರುವ ರಾಷ್ಟ್ರೀಯ ಪಳೆಯುಳಿಕೆ ಮರಗಳ ಉದ್ಯಾನಕ್ಕೆ ಕರೆದುಕೊಂಡು ಹೋಗಿ, ಎಲ್ಲರನ್ನೂ ಸುರಕ್ಷಿತವಾಗಿ ಮನೆ ಸೇರಿಸಿದೆವು. ನವೆಂಬರ್‌ನಲ್ಲಿ ಲಾಲ್‌ಬಾಗ್ ಬಂಡೆಯ ಮೇಲೆ ಶುರುವಾದ ಪಾಠ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಒಂದು ಚಂಡಮಾರುತ ಬಂದು ಹೋಯಿತು, ಇಡೀ ರಾಜ್ಯದ ತಾಯಂದಿರನ್ನು ನಡುಗಿಸಿದ ಒಂದು ದುರಂತ ನಡೆಯಿತು, ಅನುಮತಿಯ ಕಡತ ಮೇಜಿನಿಂದ ಮೇಜಿಗೆ ಅಲೆಯಿತು. ಹೊರಡುವ ಮೊದಲು ಇಂಥ ಪ್ರವಾಸದ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಎಂದು ತುಂಬಾ ಹುಡುಕಿದ್ದೆ, ಏನೂ ಸಿಗಲಿಲ್ಲ. ಮುಂದೆ ಹೋಗುವ ಶಿಕ್ಷಕರಿಗೆ ಆ ಪರದಾಟ ಬೇಡ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಶಾಲೆ ಇರುವುದು ಬೆಂಗಳೂರಿನ ಹೊರಗೆ, ಕಲ್ಲು ಕ್ವಾರಿಗಳ ನಡುವೆ. ಮಕ್ಕಳ ಅಪ್ಪಂದಿರಲ್ಲಿ ಕ್ರಷರ್‌ಗೆ ಹೋಗುವವರು, ಗ್ರಾನೈಟ್ ಪಾಲಿಶ್ ಮಾಡುವವರು, ಕಲ್ಲಿನ ಲಾರಿ ಓಡಿಸುವವರೇ ಹೆಚ್ಚು. ಪಳೆಯುಳಿಕೆಯ ಪಾಠ ಮಾಡುವಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಮಿಸ್, ನಮ್ಮಪ್ಪ ಇಪ್ಪತ್ತು ವರ್ಷದಿಂದ ಕಲ್ಲು ಒಡೀತಾವ್ರೆ. ಇಷ್ಟು ಆಳಕ್ಕೆ ಹೋದ್ರೂ ಒಂದು ಮೂಳೆ ಸಿಕ್ಕಿಲ್ಲ, ಒಂದು ಎಲೆ ಗುರುತು ಸಿಕ್ಕಿಲ್ಲ. ಯಾಕೆ?" ಎಂದು ಕೇಳಿದ. ನನ್ನ ಇಷ್ಟು ವರ್ಷದ ಪಾಠದಲ್ಲಿ ನಾನು ಕೇಳಿಸಿಕೊಂಡ ಅತ್ಯುತ್ತಮ ಪ್ರಶ್ನೆ ಅದು. "ನಮ್ಮ ಕಲ್ಲು ತುಂಬಾ ಹಳೆಯದು, ಅದಕ್ಕೆ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಹದಿನಾಲ್ಕು ವರ್ಷದ ಹುಡುಗನಿಗೆ "ತುಂಬಾ ಹಳೆಯದು" ಅಂದರೆ ಅಜ್ಜನ ಕಾಲ, ಹೆಚ್ಚೆಂದರೆ ಟಿಪ್ಪು ಕಾಲ. ಜೀವ ಹುಟ್ಟಿ ಬೆಳೆಯುವುದಕ್ಕೆ ಮುಂಚಿನ ಕಲ್ಲು ಯಾವುದು, ಆಮೇಲಿನ ಕಲ್ಲು ಯಾವುದು ಅನ್ನುವುದನ್ನು ಎರಡನ್ನೂ ಮುಟ್ಟಿ ನೋಡಿಯೇ ತಿಳಿಯಬೇಕು. ಎರಡು ಜಾಗಕ್ಕೆ ಹೋಗಬೇಕೆಂಬ ಯೋಚನೆ ಬಂದದ್ದು ಹೀಗೆ.

ಜಾಗ ಗೊತ್ತು ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, ಗುರುತಿಸಿರುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ನಾಲ್ಕು ಕರ್ನಾಟಕದಲ್ಲೇ ಇವೆ: ಲಾಲ್‌ಬಾಗ್ ಬಂಡೆ, ಮಲ್ಪೆಯ ಆಚೆ ಸೇಂಟ್ ಮೇರೀಸ್ ದ್ವೀಪದ ಕಂಬ ಶಿಲೆಗಳು, ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯ ದಿಂಬು ಲಾವಾ (ನೀರಿನೊಳಗೆ ಉಕ್ಕಿ ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾ), ಕೋಲಾರದ ಚಿನ್ನದ ಗಣಿ ಸೀಮೆಯ ಜ್ವಾಲಾಮುಖಿ ಶಿಲೆಗಳು. ನಾಲ್ಕರಲ್ಲೂ ಮಕ್ಕಳು "ಇದು ಒಂದು ಕಾಲದಲ್ಲಿ ಜೀವ ಇದ್ದ ವಸ್ತು" ಎಂದು ಕೈಯಿಂದ ಮುಟ್ಟುವಂಥ ಪಳೆಯುಳಿಕೆ ಇಲ್ಲ. ಬಾಗಲಕೋಟೆಯ ಕಡೆ ಕಲಾದಗಿ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಅವು ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು. ತಿಳಿದವರಿಗೆ ಅದ್ಭುತ, ಆದರೆ ಮೊದಲ ಸಲ ನೋಡುವ ಮಕ್ಕಳಿಗೆ ಬರೀ ಗೆರೆ. ಮರ ಹಾಗಲ್ಲ, ಮರವನ್ನು ಯಾರೂ ಗುರುತಿಸುತ್ತಾರೆ. ಪೆರಂಬಲೂರಿನ ಬಳಿ ಸಾತನೂರಿನಲ್ಲಿ ಸುಮಾರು 18 ಮೀಟರ್ ಉದ್ದದ ಕಲ್ಲಾದ ಮರ ಇದೆ, ತಿರುವಕ್ಕರೈ ಮರಗಳಿಗಿಂತ ಅದು ಎಷ್ಟೋ ಹಳೆಯದು. ನಮಗೆ ಅದು ದೂರವಾಯಿತು. ತಿರುವಕ್ಕರೈಗಾದರೆ ಹೊಸೂರು, ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ ದಾಟಿ ತಿಂಡಿವನಂ ಕಡೆ ಹೋದರೆ ಆಯಿತು.

ಮೊದಲು ಲಾಲ್‌ಬಾಗ್. ಅನುಮತಿ ಸುಲಭವಾಗಿ ಆಯಿತು. ಮುಖ್ಯೋಪಾಧ್ಯಾಯರ ಸಹಿ ಹಾಕಿದ ಒಂದು ಪತ್ರ, ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ ಚೀಟಿ, ಅಷ್ಟೇ. ಶಾಲೆಯ ಪತ್ರ ಕೈಯಲ್ಲಿರಲಿ, ಗೇಟಿನಲ್ಲಿ ಮಾತು ಬೇಗ ಮುಗಿಯುತ್ತದೆ. ದಿನ ಗೊತ್ತುಮಾಡುವಾಗ ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ. ಆ ಜನಜಂಗುಳಿಯಲ್ಲಿ ಮಕ್ಕಳನ್ನು ಎಣಿಸುವುದೇ ಒಂದು ಕೆಲಸವಾಗುತ್ತದೆ. ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆ ದಾಟಿದರೆ ಬಂಡೆ ಕಾಯುತ್ತದೆ, ಮಕ್ಕಳು ಕೂರುವುದಿಲ್ಲ.

ಹೋಗುವ ಹಿಂದಿನ ವಾರ ನಾವೊಂದು ಹಗ್ಗ ತಯಾರು ಮಾಡಿದೆವು. ಈ ಹಗ್ಗದ ಬಗ್ಗೆ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕಾರ್ಯಕ್ರಮದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡಿದ್ದು ಬೇರೊಂದಿಲ್ಲ. ಬಟ್ಟೆ ಒಣಗಿಸುವ ನೈಲಾನ್ ಹಗ್ಗ, 46 ಮೀಟರ್. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ ಎಂದಿಟ್ಟುಕೊಂಡರೆ ಒಂದು ಮೀಟರ್‌ಗೆ ಹತ್ತು ಕೋಟಿ ವರ್ಷ. ಮೀಟರ್‌ಗೊಂದು ಗಂಟು, ಮುಖ್ಯ ಘಟನೆಗಳಿಗೆ ಬಣ್ಣದ ಬಟ್ಟೆ ಚೂರು. ಹಗ್ಗದ ಒಂದು ತುದಿ ಇವತ್ತು. ಅಲ್ಲಿಂದ ಹಿಂದಕ್ಕೆ ಅಳೆದರೆ ಡೈನೋಸಾರ್‌ಗಳು ಅಳಿದದ್ದು 66 ಸೆಂಟಿಮೀಟರ್‌ನಲ್ಲಿ. ಚಿಪ್ಪು, ಕವಚ ಇರುವ ಪ್ರಾಣಿಗಳು ಕಡಲಿನಲ್ಲಿ ತುಂಬಿಕೊಂಡದ್ದು ಐದೂವರೆ ಮೀಟರ್ ಹತ್ತಿರ. ನಮ್ಮಂಥ ಮನುಷ್ಯ, ಅಂದರೆ ಹೋಮೋ ಸೇಪಿಯನ್ಸ್, ಹುಟ್ಟಿ ಸುಮಾರು ಮೂರು ಲಕ್ಷ ವರ್ಷ, ಅಂದರೆ ಹಗ್ಗದ ತುದಿಯ ಮೂರು ಮಿಲಿಮೀಟರ್. ಅದಕ್ಕೆ ಬಟ್ಟೆ ಕಟ್ಟಲು ಜಾಗವೇ ಇಲ್ಲ. ಒಬ್ಬಳು ತನ್ನ ನೈಲ್ ಪಾಲಿಶ್ ತಂದು ತುದಿಗೊಂದು ಚುಕ್ಕಿ ಇಟ್ಟಳು.

ಲಾಲ್‌ಬಾಗ್‌ನಲ್ಲಿ ಬಂಡೆಯ ಬುಡದಲ್ಲಿ ಹಗ್ಗ ಬಿಡಿಸಿ, ಇವತ್ತಿನ ತುದಿಯನ್ನು ಎಂಟನೇ ತರಗತಿಯವಳ ಕೈಗೆ ಕೊಟ್ಟು ಉಳಿದವರನ್ನು ನಡೆಸಿದೆ. ಡೈನೋಸಾರ್ ಬಟ್ಟೆ ಒಂದು ಹೆಜ್ಜೆಯೊಳಗೇ ಸಿಕ್ಕಿಬಿಟ್ಟಿತು. ಮಕ್ಕಳಿಗೆ ಆಶ್ಚರ್ಯ, "ಇಷ್ಟೇನಾ ಮಿಸ್?" ಅಂದರು. ಆಮೇಲೆ ನಡೆದರು, ನಡೆದರು. ಮೂವತ್ತನೇ ಗಂಟಿಗೆ ಬಂದಾಗ ಹಗ್ಗ ಹಿಡಿದ ಹುಡುಗಿ ದೂರದಲ್ಲಿ ಚಿಕ್ಕದಾಗಿ ಕಾಣುತ್ತಿದ್ದಳು. "ಈಗ ಕಾಲ ಕೆಳಗೆ ನೋಡಿ. ನಾವು ನಿಂತಿರುವ ಕಲ್ಲಿನ ವಯಸ್ಸು ಈ ಗಂಟು, ಸುಮಾರು 300 ಕೋಟಿ ವರ್ಷ" ಎಂದೆ. ಗಲಾಟೆ ಮಾಡುತ್ತಿದ್ದವರೆಲ್ಲ ಬಗ್ಗಿ ಬಂಡೆಯನ್ನು ಮುಟ್ಟಿದರು.

ಬಂಡೆಯ ಮೇಲೆ ಕೆಂಪೇಗೌಡ ಗೋಪುರ ಇದೆಯಲ್ಲ, ಬಂದವರೆಲ್ಲ ಅಲ್ಲಿಗೆ ಹತ್ತಿ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ನೋಡಬೇಕಾದದ್ದು ಕಾಲಡಿಯಲ್ಲಿದೆ. ಇದು ನೈಸ್ ಶಿಲೆ. ಡಬ್ಲ್ಯು. ಎಫ್. ಸ್ಮೀತ್ ಎಂಬ ಭೂವಿಜ್ಞಾನಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದಾಗ ಇದಕ್ಕೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಬಹುಭಾಗಕ್ಕೆ ಇದೇ ತಳಪಾಯ. ಬಿಳಿಪಟ್ಟಿ, ಕಪ್ಪುಪಟ್ಟಿ ಒಂದರ ಪಕ್ಕ ಒಂದು ಬಳುಕುತ್ತಾ ಹೋಗುತ್ತವೆ. ಬಿಳಿಯದರಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್. ಕಪ್ಪಿನಲ್ಲಿ ಕಾಗೆಬಂಗಾರದ (ಮೈಕಾ) ಕಪ್ಪು ಜಾತಿ ಮತ್ತು ಅಂಥವೇ ಇತರ ಖನಿಜಗಳು. ಭೂಮಿಯ ಆಳದಲ್ಲಿ, ವಿಪರೀತ ಶಾಖ ಮತ್ತು ಒತ್ತಡದಲ್ಲಿ ಕಲ್ಲು ಮೆತ್ತಗಾಗಿ ಹೀಗೆ ಬಳುಕಿದೆ ಎಂದು ನಾನು ಹೇಳುವ ಮೊದಲೇ ಆ ಪ್ರಶ್ನೆ ಕೇಳಿದ ಹುಡುಗ ಕುಕ್ಕರುಗಾಲಲ್ಲಿ ಕೂತು ಪಟ್ಟಿಯ ಉದ್ದಕ್ಕೂ ಬೆರಳು ಆಡಿಸುತ್ತಿದ್ದ. "ಈ ಕಪ್ಪು ಗೆರೆ ಬಂದ್ರೆ ನಮ್ಮಪ್ಪ ಬ್ಲಾಕ್ ತಗೊಳಲ್ಲ ಮಿಸ್, ಪಾಲಿಶ್‌ಗೆ ಹಾಕಿದ್ರೆ ಉದುರುತ್ತೆ ಅಂತಾರೆ" ಎಂದ. ಕಾಗೆಬಂಗಾರ ಪದರ ಪದರವಾಗಿ ಏಳುವುದರಿಂದ ಹಾಗಾಗುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದನ್ನು ಅವನಪ್ಪ ಕೈಯಲ್ಲಿ ಕಲಿತಿದ್ದರು. ಅವನ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಕ್ಕಿತು. ಈ ಕಲ್ಲು ಆದಾಗ ಭೂಮಿಯ ಮೇಲೆ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಮೂಳೆ ಎಲ್ಲಿಂದ ಬರಬೇಕು? ಜೊತೆಗೆ ಆ ಶಾಖದಲ್ಲಿ ಏನಿದ್ದರೂ ಉಳಿಯುತ್ತಿರಲಿಲ್ಲ.

ಲಾಲ್‌ಬಾಗ್‌ಗೆ ಹೋಗುವ ಶಿಕ್ಷಕರಿಗೆ ಇನ್ನೊಂದು ಮಾತು. ಉದ್ಯಾನದ ಒಳಗೆ ಕಲ್ಲಾದ ಮರದ ತುಂಡೊಂದನ್ನು ಇಟ್ಟಿದ್ದಾರೆ, ಸುಮಾರು ಎರಡು ಕೋಟಿ ವರ್ಷ ಹಳೆಯದು, ತಂದದ್ದು ತಿರುವಕ್ಕರೈಯಿಂದಲೇ. ದಿನಾ ವಾಕಿಂಗ್ ಬರುವ ಎಷ್ಟೋ ಜನ ಅದನ್ನು ದಾಟಿ ಹೋಗುತ್ತಾರೆ. ಸಿಬ್ಬಂದಿಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ತಮಿಳುನಾಡಿನವರೆಗೆ ಹೋಗಲು ಆಗದ ಶಾಲೆಗಳು ಬಂಡೆ ಮತ್ತು ಈ ತುಂಡು ಎರಡನ್ನೂ ಒಂದೇ ಬೆಳಗಿನಲ್ಲಿ ತೋರಿಸಿದರೆ ಮುಕ್ಕಾಲು ಪಾಠ ಆಗಿಹೋಗುತ್ತದೆ. ಆದರೆ ಬಂಡೆಯನ್ನೇ ಮೊದಲು ತೋರಿಸಿ. ನಾವು ಹಾಗೆ ಮಾಡಿದ್ದರಿಂದ ಮಕ್ಕಳೇ ಹಗ್ಗ ತಂದು "ಎರಡು ಕೋಟಿ ಅಂದ್ರೆ ಇಪ್ಪತ್ತು ಸೆಂಟಿಮೀಟರ್, ಡೈನೋಸಾರ್‌ಗಿಂತ ಈಚೆ" ಎಂದು ಲೆಕ್ಕ ಹಾಕಿದರು. ಹಗ್ಗ ಇಲ್ಲದೆ ನೋಡಿದ್ದರೆ "ಅಬ್ಬಾ, ಎಷ್ಟು ಹಳೇದು" ಎಂದು ಮುಂದೆ ಹೋಗುತ್ತಿದ್ದರು.

"ಈ ಮರ ಬಿದ್ದಿದ್ದ ಜಾಗಕ್ಕೆ ಕರ್ಕೊಂಡು ಹೋಗಿ ಮಿಸ್" ಎಂದು ವಾಪಸ್ ಬರುವಾಗ ಬಸ್ಸಿನಲ್ಲಿ ಶುರುವಾಯಿತು. ಡಿಸೆಂಬರ್ ಎರಡನೇ ವಾರ ಎಂದು ದಿನ ಗೊತ್ತು ಮಾಡಿದೆವು.

ಪೋಷಕರ ಸಭೆಯಲ್ಲಿ ಮೊದಲು ಬಂದ ಮಾತು: "ಕಲ್ಲು ನೋಡಕ್ಕೆ ಅಷ್ಟು ದೂರ ಯಾಕೆ ಮೇಡಂ? ಮನೆ ಹಿಂದೇನೇ ಬೇಕಾದಷ್ಟು ಬಿದ್ದದೆ. ಮೈಸೂರು ಝೂ ತೋರಿಸಿ, ಕೆಆರ್‌ಎಸ್ ತೋರಿಸಿ." ನಾನು ವಾದ ಮಾಡಲಿಲ್ಲ. ಲಾಲ್‌ಬಾಗ್‌ನಲ್ಲಿ ಮಕ್ಕಳು ಬರೆದ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಅವರಿಂದಲೇ ಹಗ್ಗದ ಪಾಠ ಮಾಡಿಸಿದೆ. ಕ್ವಾರಿಯ ಅಪ್ಪಂದಿರು ಮುಂದಿನ ಸಾಲಿಗೆ ಬಂದು ಕೂತರು. ಬಿಳಿಪಟ್ಟಿ ಎಲ್ಲಿ ಅಗಲ, ಕಲ್ಲು ಯಾವ ದಿಕ್ಕಿಗೆ ಸೀಳುತ್ತದೆ ಎಂದು ಅವರೇ ಮಕ್ಕಳಿಗೆ ಹೇಳತೊಡಗಿದರು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಒಪ್ಪಿದರು.

ಇನ್ನು ಕಾಗದಪತ್ರ. ಬೇರೆ ರಾಜ್ಯಕ್ಕೆ ಶಾಲಾ ಮಕ್ಕಳನ್ನು ಕರೆದೊಯ್ಯಬೇಕಾದರೆ ಇಲಾಖೆಯ ಅನುಮತಿ ಬೇಕು. ನಮ್ಮ ಕಡತ ಸಿಕ್ಕಿಕೊಂಡದ್ದು ಒಂದು ವಿಚಿತ್ರ ಸುತ್ತಿನಲ್ಲಿ: ಅರ್ಜಿಯಲ್ಲಿ ಬಸ್ಸಿನ ವಿವರ ಬರೆಯಬೇಕು, ಬಸ್ಸು ಬುಕ್ ಮಾಡಲು ಅನುಮತಿ ಪತ್ರ ತೋರಿಸಬೇಕು. ಈ ಕಡೆ ಹೋದರೆ ಆ ಕಡೆ ಕಳಿಸುತ್ತಾರೆ. ಕೊನೆಗೆ ಹಿರಿಯ ಕ್ಲರ್ಕ್ ಒಬ್ಬರು ದಾರಿ ಹೇಳಿಕೊಟ್ಟರು. ಬಸ್ಸಿನವರಿಂದ ದಿನಾಂಕ, ಮಾರ್ಗ, ಅಂದಾಜು ಮೊತ್ತ ಬರೆದ ಕೊಟೇಶನ್ ಪಡೆದು ಅದನ್ನೇ ಅರ್ಜಿಗೆ ಲಗತ್ತಿಸಿ. ಅನುಮತಿ ಬಂದ ಮೇಲೆ ಮುಂಗಡ ಕಟ್ಟಿ ಬಸ್ಸಿನ ನಂಬರ್, ಚಾಲಕರ ಲೈಸೆನ್ಸ್ ಪ್ರತಿಯನ್ನು ಪೂರಕ ಪತ್ರದಲ್ಲಿ ಕೊಡಿ. ಇದೊಂದು ಗೊತ್ತಿದ್ದರೆ ನಿಮಗೆ ಎಷ್ಟೋ ಓಡಾಟ ಉಳಿಯುತ್ತದೆ. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಮ್ಮ ಮಕ್ಕಳ ಪಟ್ಟಿ ಒಂದು ಸಲ ಕಾಣೆಯಾದಾಗ ಆ ಮೊಹರೇ ನಮ್ಮನ್ನು ಕಾಪಾಡಿತು. ಬಸ್ಸು ಹೊರರಾಜ್ಯಕ್ಕೆ ಹೋಗುವ ಪರ್ಮಿಟ್, ಅಲ್ಲಿನ ತೆರಿಗೆ ಮೊದಲೇ ಕಟ್ಟಿದ್ದಾರಾ ಎಂದು ಕೇಳಿ, ರಸೀದಿಯ ಪ್ರತಿ ನಿಮ್ಮ ಬಳಿಯೂ ಇರಲಿ.

ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಮುಟ್ಟಿತು. ನಾವು ಹೋಗಬೇಕಾಗಿದ್ದ ವಿಲ್ಲುಪುರಂ ಜಿಲ್ಲೆಯ ಮೈಲಂನಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂಟಿಮೀಟರ್ ಮಳೆ. ನಾವು ತಂಗಬೇಕೆಂದಿದ್ದ ತಿರುವಣ್ಣಾಮಲೈಯಲ್ಲಿ ಬೆಟ್ಟ ಕುಸಿದು ಮನೆಯೊಂದು ಹೂತುಹೋಯಿತು, ಸತ್ತವರಲ್ಲಿ ಮಕ್ಕಳೂ ಇದ್ದರು. ಪ್ರವಾಸ ಮುಂದೂಡಿದೆವು. ಅದಾದ ಮುಂದಿನ ವಾರವೇ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಆ ಸುದ್ದಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಜರಿ ಪುಸ್ತಕದ ಒಂದೊಂದು ಹೆಸರೂ ಕಣ್ಣಮುಂದೆ ಬಂತು. ಬೆಳಗ್ಗೆ ಶಾಲೆಗೆ ಹೋದರೆ ತಾಯಂದಿರು ಗೇಟಿನಲ್ಲಿ ನಿಂತಿದ್ದರು, ಕೆಲವರು ಕೊಟ್ಟ ಒಪ್ಪಿಗೆ ಚೀಟಿ ವಾಪಸ್ ಕೇಳಿದರು. ಮರುಮಾತಾಡದೆ ಕೊಟ್ಟೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಜನವರಿಯಲ್ಲಿ ಮತ್ತೆ ಮಾತು ಶುರುವಾದದ್ದು ಮಕ್ಕಳಿಂದಲೇ. ಈ ಸಲ ಯೋಜನೆಯನ್ನೇ ಬದಲಿಸಿದೆವು. ಪುದುಚೇರಿಯ ಕಡಲತೀರ ಪಟ್ಟಿಯಿಂದ ಹೋಯಿತು. ಕೆರೆ, ಹೊಳೆ, ಕಡಲು ಯಾವುದರ ಹತ್ತಿರವೂ ಬಸ್ಸು ನಿಲ್ಲುವುದಿಲ್ಲ ಎಂದು ಬರೆದುಕೊಟ್ಟೆವು. ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು, ಜೊತೆಗೆ ಪೋಷಕರಲ್ಲೇ ಇಬ್ಬರು ತಾಯಂದಿರು. ಈ ಇಬ್ಬರು ತಾಯಂದಿರು ಬರುತ್ತಾರೆ ಎಂದಾಗ ವಾಪಸ್ ಹೋಗಿದ್ದ ಚೀಟಿಗಳಲ್ಲಿ ಹೆಚ್ಚಿನವು ತಿರುಗಿ ಬಂದವು. ಅನುಮತಿ ಪತ್ರದಲ್ಲಿ ರಾತ್ರಿ ಪ್ರಯಾಣ ಮಾಡಬಾರದೆಂಬ ಷರತ್ತು ಇತ್ತು, ಹಾಗಾಗಿ ಹಗಲಿನಲ್ಲಿ ತಿರುವಣ್ಣಾಮಲೈಗೆ ಹೋಗಿ ಛತ್ರದಲ್ಲಿ ತಂಗಿ, ಮಾರನೇ ಬೆಳಗ್ಗೆ ತಿರುವಕ್ಕರೈ. ದಿನ ಗೊತ್ತು ಮಾಡುವವರು ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ನೋಡಿಕೊಳ್ಳಿ. ಹುಣ್ಣಿಮೆಗೆ ಗಿರಿಪ್ರದಕ್ಷಿಣೆಯ ಲಕ್ಷಾಂತರ ಜನ ತಿರುವಣ್ಣಾಮಲೈಯಲ್ಲಿ ಇರುತ್ತಾರೆ, ರೂಮೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ. ತಿರುವಕ್ಕರೈಯ ವಕ್ರಕಾಳಿ ಅಮ್ಮನ ದೇವಸ್ಥಾನಕ್ಕೂ ಅಂದು ಜನಸಾಗರ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕಡೆ ಹಿಂಗಾರು ಮಳೆ, ಏಪ್ರಿಲ್ ಬಂದರೆ ತಡೆಯಲಾರದ ಬಿಸಿಲು. ಜನವರಿ ಕೊನೆ, ಫೆಬ್ರವರಿಯೇ ಸರಿ.

ದುಡ್ಡಿನ ಲೆಕ್ಕ. ತಲಾ ಸುಮಾರು 1,200 ರೂಪಾಯಿ ಬಿತ್ತು. ಅದರಲ್ಲಿ ದೊಡ್ಡ ಪಾಲು ಬಸ್ಸಿನದು. ಉದ್ಯಾನದ ಒಳಗೆ ಖರ್ಚು ಎಂಬುದು ಇಲ್ಲವೇ ಇಲ್ಲ ಅನ್ನಬಹುದು. ಕೂಲಿ ಮಾಡುವ ಮನೆಗೆ 1,200 ರೂಪಾಯಿ ಸಣ್ಣದಲ್ಲ. ಹತ್ತಿರದ ಗ್ರಾನೈಟ್ ಫ್ಯಾಕ್ಟರಿಯ ಮಾಲೀಕರೊಬ್ಬರು ಊಟದ ಖರ್ಚು ವಹಿಸಿಕೊಂಡರು, ಕೊಡಲಾಗದ ಮಕ್ಕಳ ಪಾಲನ್ನು ನಾವು ಶಿಕ್ಷಕರು ಹಂಚಿಕೊಂಡೆವು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ತರಗತಿಯಲ್ಲಿ ಯಾರ ಕಿವಿಗೂ ಬೀಳದಂತೆ ನೋಡಿಕೊಂಡೆವು. ಮಾಡುವವರು ಇದನ್ನು ಮರೆಯಬೇಡಿ.

ಚೀಲದಲ್ಲಿ ಏನೇನಿರಬೇಕು? ಕುಡಿಯುವ ನೀರಿನ ದೊಡ್ಡ ಕ್ಯಾನ್‌ಗಳು, ಓಆರ್‌ಎಸ್, ಟೋಪಿ, ಹೆಣ್ಣುಮಕ್ಕಳಿಗೆ ಪ್ಯಾಡ್, ವಾಂತಿ ಮಾತ್ರೆ, ಅಳತೆ ಟೇಪು, ಕೈಮಸೂರಗಳು, ಬಿಳಿಹಾಳೆ. ಮಕ್ಕಳಲ್ಲಿ ಯಾರಿಗೆ ಉಬ್ಬಸ, ಯಾರಿಗೆ ಫಿಟ್ಸ್ ಇದೆ ಎಂದು ಪೋಷಕರಿಂದ ಗುಟ್ಟಾಗಿ ಬರೆಸಿಕೊಂಡಿದ್ದೆ. ಬಯಲು ಜಾಗವಾದ್ದರಿಂದ ಶೌಚಾಲಯದ ಕೆಲಸ ಛತ್ರದಲ್ಲೇ ಮುಗಿಸಿಕೊಂಡು ಹೊರಡುವುದು ವಾಸಿ.

ಹೋಗುವ ದಾರಿಯೇ ಒಂದು ಪಾಠವಾಯಿತು. ಕೃಷ್ಣಗಿರಿಯಿಂದ ಮುಂದೆ ಬಂಡೆಗುಡ್ಡಗಳು. ಸೆಂಜಿಯಲ್ಲಿ ಕೋಟೆ ಕಟ್ಟಿದ ಬೆಟ್ಟಗಳನ್ನು ನೋಡಿ "ಇದೂ ನಮ್ಮೂರ ಥರದ್ದೇ ಕಲ್ಲು" ಎಂದು ಕಿಟಕಿಯಿಂದಲೇ ಕೂಗಿದರು. ತಿಂಡಿವನಂ ದಾಟಿ ಒಳರಸ್ತೆ ಹಿಡಿಯುತ್ತಿದ್ದಂತೆ ಬಂಡೆಗಳು ಮಾಯವಾಗಿ ನೆಲ ಸಮತಟ್ಟಾಯಿತು, ಮಣ್ಣು ಕೆಂಪಾಯಿತು. "ಬಂಡೆ ಎಲ್ಲೋಯ್ತು?" ಎಂದು ಒಬ್ಬಳು ಕೇಳಿದಾಗ ನನಗೆ ಆದ ಸಂತೋಷ ಹೇಳತೀರದು. ನಾವು ಹಳೆಯ ಗಟ್ಟಿ ಕಲ್ಲಿನ ನಾಡು ಬಿಟ್ಟು, ನದಿ ಮತ್ತು ಕಡಲು ತಂದು ಹಾಕಿದ ಪದರಗಳ ನಾಡಿಗೆ ಬಂದಿದ್ದೆವು. ಪಳೆಯುಳಿಕೆ ಸಿಗುವುದು ಇಂಥ ಕಡೆಯೇ.

ತಿರುವಕ್ಕರೈ ಉದ್ಯಾನ ನೋಡಿದರೆ ಮೊದಲಿಗೆ ಉದ್ಯಾನ ಅನ್ನಿಸುವುದಿಲ್ಲ. ಬೇಲಿ, ಕೆಂಪು ನೆಲ, ಕುರುಚಲು ಗಿಡ, ನಡುವೆ ಅಡ್ಡಡ್ಡ ಬಿದ್ದ ಮರದ ದಿಮ್ಮಿಗಳು. ಫಲಕಗಳಲ್ಲಿ ಕನ್ನಡ ಇರುವುದಿಲ್ಲ, ವಿವರಣೆಯನ್ನು ಮೊದಲೇ ಕನ್ನಡದಲ್ಲಿ ಬರೆದುಕೊಂಡು ಹೋಗಿ. ನಮ್ಮಲ್ಲೊಬ್ಬ ಹುಡುಗನ ಅಜ್ಜಿಯ ತವರು ಧರ್ಮಪುರಿ ಕಡೆ. ಕಾವಲಿನವರನ್ನು "ಅಣ್ಣಾ" ಎಂದು ಕರೆದು ತಮಿಳಿನಲ್ಲಿ ಮಾತಾಡಿಸಿದ್ದೇ ತಡ, ಅವರು ನಮ್ಮ ಜೊತೆಗೇ ಸುತ್ತಿ ದೊಡ್ಡ ದಿಮ್ಮಿಗಳಿರುವ ಕಡೆ ಕರೆದೊಯ್ದರು.

ಹತ್ತು ಹೆಜ್ಜೆ ದೂರದಿಂದ ಅದು ಯಾರೋ ಕಡಿದು ಹಾಕಿದ ಮರ. ಹತ್ತಿರ ಹೋಗಿ ಕೈ ಇಟ್ಟರೆ ತಣ್ಣಗಿನ ಕಲ್ಲು. ತುದಿಯ ಅಡ್ಡಸೀಳಿನಲ್ಲಿ ವರ್ತುಲಗಳು ಒಂದರೊಳಗೊಂದು ಸ್ಪಷ್ಟವಾಗಿ ಕಾಣುತ್ತವೆ. ಕೊಂಬೆ ಒಡೆದಿದ್ದ ಕಡೆ ಗಂಟು ಹಾಗೇ ಇದೆ, ಅದರ ಸುತ್ತ ನಾರು ಬಳಸಿಕೊಂಡು ಹೋಗಿರುವುದೂ ಹಾಗೇ ಇದೆ. ಮಸೂರ ಹಿಡಿದ ಹುಡುಗಿ ಉಸಿರು ಬಿಗಿಹಿಡಿದು ನೋಡಿ, "ಮಿಸ್, ರಂಧ್ರ ರಂಧ್ರ ಕಾಣುತ್ತೆ, ಕಬ್ಬಿನ ತುದಿ ಕುಯ್ದ ಹಾಗೆ" ಎಂದಳು. ಬೇರಿನಿಂದ ನೀರು ಮೇಲೇರುತ್ತಿದ್ದ ನಾಳಗಳವು. ಎರಡು ಕೋಟಿ ವರ್ಷದ ಹಿಂದಿನ ನೀರಿನ ದಾರಿ.

ಮರ ಕಲ್ಲಾಗುವುದು ಹೇಗೆ ಎಂಬುದನ್ನು ಶಾಲೆಯಲ್ಲೇ ಮಾಡಿ ತೋರಿಸಿದ್ದೆ. ಸ್ಪಂಜಿನ ತುಂಡನ್ನು ಉಪ್ಪಿನ ಗಟ್ಟಿ ದ್ರಾವಣದಲ್ಲಿ ನೆನೆಸಿ ಒಣಗಿಸಿದರೆ ರಂಧ್ರಗಳಲ್ಲೆಲ್ಲ ಹರಳು ತುಂಬಿ ಗಡಸಾಗುತ್ತದೆ. ಇಲ್ಲಿ ಉಪ್ಪಿನ ಬದಲು ಸಿಲಿಕಾ. ಮರಳಿನ ಅಡಿ ಹೂತ ಮರಕ್ಕೆ ಗಾಳಿ ಸೋಕದೆ ಕೊಳೆಯುವುದು ನಿಧಾನವಾಯಿತು. ಸಿಲಿಕಾ ಕರಗಿದ ಅಂತರ್ಜಲ ಕೋಶಕೋಶಕ್ಕೂ ಇಳಿದು ಅಲ್ಲೇ ಉಳಿಯಿತು. ಬೆಣಚುಕಲ್ಲಿನಲ್ಲಿರುವುದೂ ಅದೇ ವಸ್ತು. ಗಡಸುತನ ಪರೀಕ್ಷಿಸುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಮೊಳೆ, ಚಾಕುವಿನಿಂದ ಗೀಚುವ ಪರೀಕ್ಷೆಯನ್ನು ಬೆಣಚುಕಲ್ಲಿನ ಮೇಲೆ ಶಾಲೆಯಲ್ಲೇ ಮಾಡಿ ಮುಗಿಸಿ, ಉದ್ಯಾನದೊಳಗೆ ಚೂಪಾದ ವಸ್ತು ಯಾವುದೂ ಬೇಡ.

ಇಲ್ಲಿ ಸುಮಾರು 200 ಮರಗಳಿವೆ, ಉದ್ದ ಮೂರು ಮೀಟರ್‌ನಿಂದ ಹದಿನೈದು ಮೀಟರ್‌ವರೆಗೆ. 1781ರಲ್ಲಿ ಸೊನ್ನೆರಾ ಎಂಬ ಫ್ರೆಂಚ್ ನಿಸರ್ಗ ವಿಜ್ಞಾನಿ ಇವುಗಳ ಬಗ್ಗೆ ಮೊದಲು ಬರೆದರು. ಸುತ್ತಲಿನ ಕಲ್ಲು ಕಡಲೂರು ಮರಳುಗಲ್ಲು. ಮಾವು, ಹುಣಸೆಗಳ ಕುಟುಂಬಕ್ಕೆ ಸೇರಿದ ಮರಗಳೂ ಇಲ್ಲಿವೆ ಎಂದಾಗ ಮಕ್ಕಳಿಗೆ ನಂಬಲಾಗಲಿಲ್ಲ. ಡೈನೋಸಾರ್ ಸೀಮೆಯ ವಿಚಿತ್ರ ಮರಗಳನ್ನು ಅವರು ಊಹಿಸಿಕೊಂಡಿದ್ದರು.

ಗುಂಪು ಗುಂಪಾಗಿ ಟೇಪು ಹಿಡಿದು ಅಳೆಯಲು, ಚಿತ್ರ ಬರೆಯಲು ಬಿಟ್ಟೆ. ಕೊಟ್ಟ ಪ್ರಶ್ನೆ ಒಂದೇ: "ಇಲ್ಲಿ ಏನು ಇಲ್ಲ?" ಅರ್ಧ ಗಂಟೆಯಲ್ಲಿ ಉತ್ತರ ಬಂತು. ಬೇರಿಲ್ಲ, ಕೊಂಬೆಯಿಲ್ಲ, ತೊಗಟೆಯಿಲ್ಲ, ಎಲೆಯಿಲ್ಲ, ಒಂದು ಮರವೂ ನಿಂತಿಲ್ಲ. ಹಾಗಾದರೆ ಇವು ಇಲ್ಲಿ ಬೆಳೆದ ಮರಗಳಾ? ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಆಮೇಲೆ ಎಂಟನೇ ತರಗತಿಯ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದವಳು, "ಡಿಸೆಂಬರ್‌ನಲ್ಲಿ ಟೀವೀಲಿ ತೋರಿಸಿದ್ರಲ್ಲ ಮಿಸ್, ನಾವು ಬರಕ್ಕಾಗ್ಲಿಲ್ಲವಲ್ಲ, ಆ ಪ್ರವಾಹ. ಮರ ಎಲ್ಲ ತೇಲಿಕೊಂಡು ಬಂದು ಸೇತುವೆಗೆ ಸಿಕ್ಕಾಕ್ಕೊಂಡಿತ್ತು. ಅವಕ್ಕೂ ಎಲೆ, ಕೊಂಬೆ ಇರ್ಲಿಲ್ಲ" ಎಂದಳು. ಭೂವಿಜ್ಞಾನಿಗಳು ಹೇಳುವುದೂ ಅದನ್ನೇ. ಬೇರೆಲ್ಲೋ ಬೆಳೆದ ಕಾಡನ್ನು ಪ್ರವಾಹ ಕಿತ್ತು, ಉರುಳಿಸಿ ತಂದು ಇಲ್ಲಿ ಮರಳಿನಲ್ಲಿ ಹೂತಿತು. ನಮ್ಮ ಪ್ರವಾಸ ತಪ್ಪಿಸಿದ ಮಳೆಯಿಂದಲೇ ಅವಳು ಆ ಕಾಡಿನ ಕಥೆ ಬಿಡಿಸಿದಳು. ನನಗೆ ಗಂಟಲು ಕಟ್ಟಿತು.

ಹೊರಡುವ ಮೊದಲು ಎಲ್ಲರ ಜೇಬು, ಚೀಲ ನೋಡಿದೆವು. ಕೆಂಪು ಮಣ್ಣಿನಲ್ಲಿ ಕಲ್ಲಾದ ಮರದ ಚಕ್ಕೆಗಳು ಬಿದ್ದಿರುತ್ತವೆ, ಮಕ್ಕಳ ಕೈ ಸುಮ್ಮನಿರುವುದಿಲ್ಲ. ಸಂರಕ್ಷಿತ ಜಾಗದಿಂದ ಒಂದು ಚೂರನ್ನೂ ತರುವ ಹಾಗಿಲ್ಲ. ಬೈಯುವ ಬದಲು, ತೆಗೆದ ಚಕ್ಕೆಯನ್ನು ತೆಗೆದ ಜಾಗದಲ್ಲೇ ಇಡಲು ಹೇಳಿದೆವು. ಎಲ್ಲಿ ಸಿಕ್ಕಿತು ಎಂಬುದೇ ಪಳೆಯುಳಿಕೆಯ ಅರ್ಧ ಮಾಹಿತಿ ಎಂದು ಹೇಳಿದ ಮೇಲೆ, ಒಬ್ಬ ತನ್ನ ಚಕ್ಕೆ ಇದ್ದ ಗುಂಡಿ ಹುಡುಕುತ್ತಾ ಬಸ್ಸನ್ನು ಕಾಲು ಗಂಟೆ ಕಾಯಿಸಿದ.

ಊಟ ಚಂದ್ರಮೌಳೀಶ್ವರ ದೇವಸ್ಥಾನದ ಹತ್ತಿರ, ಕಟ್ಟಿಸಿಕೊಂಡು ಹೋದ ಚಿತ್ರಾನ್ನ, ಮೊಸರನ್ನ. ಉದ್ಯಾನದ ಬಳಿ ಇಷ್ಟು ಮಕ್ಕಳಿಗೆ ಊಟ ಸಿಗುತ್ತದೆಂದು ನೆಚ್ಚಿಕೊಂಡು ಹೋಗಬೇಡಿ. ಹಗಲಿನಲ್ಲೇ ಮುಟ್ಟಬೇಕಾದ್ದರಿಂದ ಒಂದು ಗಂಟೆಯ ಒಳಗೆ ಹೊರಟೆವು. ಆದರೂ ಕೃಷ್ಣಗಿರಿ ಆಚೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಊರು ಮುಟ್ಟುವಾಗ ಕತ್ತಲಾಗಿತ್ತು. ದಾರಿಯುದ್ದಕ್ಕೂ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಎಲ್ಲಿದ್ದೇವೆಂದು ಹಾಕುತ್ತಾ ಬಂದದ್ದರಿಂದ ಯಾರೂ ಗಾಬರಿಯಾಗಲಿಲ್ಲ.

ಬಂದ ವಾರದೊಳಗೆ ಇಲಾಖೆಗೆ ವರದಿ, ಖರ್ಚಿನ ಮೂಲ ರಸೀದಿಗಳು, ಮಕ್ಕಳ ಹಾಜರಿ ಕೊಟ್ಟರೆ ಮುಂದಿನ ವರ್ಷದ ಅನುಮತಿಗೆ ಅನುಕೂಲ. ನಾವು ಕೊಟ್ಟಿದ್ದೇವೆ. ಅರ್ಜಿ, ಒಪ್ಪಿಗೆ ಚೀಟಿ, ಹಗ್ಗದ ಅಳತೆ, ಕನ್ನಡ ವಿವರಣೆ ಎಲ್ಲವನ್ನೂ ಒಂದು ಫೈಲು ಮಾಡಿ ಪ್ರಯೋಗಾಲಯದ ಬೀರುವಿನಲ್ಲಿಟ್ಟಿದ್ದೇವೆ, ನಾನು ವರ್ಗವಾಗಿ ಹೋದರೂ ಮುಂದೆ ಬರುವವರಿಗೆ ಸಿಗಲಿ ಎಂದು. ಮುಂದಿನ ಸಲ ಮರಡಿಹಳ್ಳಿಯ ದಿಂಬು ಲಾವಾ ನೋಡಬೇಕೆಂದು ಮಕ್ಕಳು ತೀರ್ಮಾನಿಸಿದ್ದಾರೆ. ಅದು ನಮ್ಮ ರಾಜ್ಯದಲ್ಲೇ ಇರುವುದರಿಂದ ಹೊರರಾಜ್ಯದ ಪರ್ಮಿಟ್ಟಿನ ತಲೆನೋವು ಇರುವುದಿಲ್ಲ. ಮೊದಲ ಪ್ರಶ್ನೆ ಕೇಳಿದ ಹುಡುಗನ ಅಪ್ಪ, ಕೆಲಸಕ್ಕೆ ಒಂದು ದಿನ ರಜೆ ಹಾಕಿ ತಾವೂ ಬರುವುದಾಗಿ ಈಗಲೇ ಹೆಸರು ಬರೆಸಿದ್ದಾರೆ.